ಬಾಗಿಲು ಮುಚ್ಚುವ ನೆರಳು

ಕೊನೆಯ ನೆರಳು ಹಿಂದಿರುಗಿ ಬಂದು ಬಾಗಿಲು ಮುಚ್ಚಿತು.

ಪರದೆಯ ಮುಂದೆ ಕೂತಿದ್ದ ಎಲ್ಲರೂ ಅದನ್ನು ಕಂಡರು. ಮೂಲೆಯ ಫ್ಯಾನು ತನ್ನ ಪಾಡಿಗೆ ಕಿರುಗುಟ್ಟುತ್ತಿತ್ತು.

"ಇನ್ನೊಂದು ಸಲ ತೋರಿಸಪ್ಪ," ಅಂದರು ವಾರ್ಡನಮ್ಮ.

ಗೂಬೆ ಕಂಪ್ಯೂಟರ್ ಆಟವನ್ನು ಹಿಂದಕ್ಕೆ ತಿರುಗಿಸಿದ. ಪ್ರೋಗ್ರಾಂ ಬರೆಯುವ ಹುಡುಗ ಅವನು. ಹಗಲೆಲ್ಲ ಆಕಳಿಸುತ್ತಾನೆಂದು ಜೊತೆಯವರು ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು.

ಪರದೆಯ ಮೇಲೆ ಶಾಲೆಯ ಲೈಬ್ರರಿ, ನೆಲವೆಲ್ಲ ಚೌಕ ಚೌಕ. ಐದು ಮಕ್ಕಳು ಈ ಕಡೆ, ಐದು ನೆರಳು ಆ ಕಡೆ. ಚದುರಂಗದ ಹಾಗೆ ಇವರದೊಂದು ಸರದಿ, ಅವರದೊಂದು ಸರದಿ. ನಾಲ್ಕು ನೆರಳು ಮಕ್ಕಳ ಮೇಲೆ ಏರಿ ಬರುತ್ತಿದ್ದರೆ ಐದನೆಯದು ಮಾತ್ರ ಬೆನ್ನು ತಿರುಗಿಸಿ ಹೋಗಿ, ತಾವು ಬಂದ ಬಾಗಿಲನ್ನು ಎಳೆದು ಮುಚ್ಚಿ, ಆಮೇಲೆ ಜೊತೆ ಸೇರಿತು.

"ಬಾಗಿಲು ಮುಚ್ಚಿದರೆ ಒಂದು ಸರದಿ ದಂಡ," ಅಂದ ಗೂಬೆ. "ಆಟ ಗೊತ್ತಿರೋ ಯಾರೂ ಹಂಗೆ ಮಾಡಲ್ಲ."

"ಒಬ್ಬಳು ಮಾಡ್ತಾಳೆ," ಎಂದು ಹಿಂದಿನ ಕುರ್ಚಿಯಿಂದ ಮೆಲ್ಲಗೆ ಒಂದು ಧ್ವನಿ ಬಂತು. "ಅದು ನನ್ನ ತಂಗಿ. ಮನೇಲೂ ಅಷ್ಟೇ. ಹಿಂದಿನ ಬಾಗಿಲು ಮುಚ್ಚದೆ ಮುಂದಿನ ಕೋಣೆಗೆ ಕಾಲಿಡೋಳಲ್ಲ."

ಕನ್ನಡಕದ ಅಂಗಡಿಯ ಮಾಲೀಕನದು ಆ ಮಾತು. ಈ ಆಟದ ಕಥೆ ಬರೆಯುತ್ತಿದ್ದ ಅವನ ತಂಗಿ ಹೇಳದೆ ಕೇಳದೆ ಮನೆ ಬಿಟ್ಟು ಎರಡು ವಾರವಾಗಿತ್ತು. ಪೊಲೀಸರು "ವಯಸ್ಸಿಗೆ ಬಂದ ಹುಡುಗಿ, ಬರ್ತಾಳೆ ಬಿಡಿ" ಅಂದ ಮೇಲೆ ಅವನು ಹುಡುಕಿಕೊಂಡು ಬಂದದ್ದು ವಾರ್ಡನಮ್ಮನನ್ನು.

ವಾರ್ಡನಮ್ಮ ಅರ್ಧ ಆಯುಷ್ಯ ಹುಡುಗಿಯರ ಹಾಸ್ಟೆಲ್ ನೋಡಿಕೊಂಡವರು. ನಿವೃತ್ತರಾದ ಮೇಲೆ, ಕಾಣೆಯಾದವರನ್ನು ಹುಡುಕಿಕೊಡುವುದನ್ನೇ ಕೆಲಸ ಮಾಡಿಕೊಂಡಿದ್ದರು. ಹಾಸ್ಟೆಲಿನಲ್ಲೂ ತಾನು ಮಾಡುತ್ತಿದ್ದುದು ಅದೇ, ಆಗ ಸಂಬಳ ಬರುತ್ತಿತ್ತು ಅಷ್ಟೇ ಎನ್ನುತ್ತಿದ್ದರು.

"ನೆರಳಿಗೆ ಆ ಬುದ್ಧಿ ನೀನು ಕೊಟ್ಟಿದ್ದಾ?" ಎಂದು ಗೂಬೆಯನ್ನು ಕೇಳಿದರು.

"ಇಲ್ಲ ಅಮ್ಮ. ನೆರಳಿಗೆ ಸ್ವಂತ ಬುದ್ಧಿ ಇಲ್ಲ. ನಾವು ಪರೀಕ್ಷೆಗೆ ಅಂತ ಆಡ್ತೀವಲ್ಲ, ಅದನ್ನೆಲ್ಲ ಆಟ ನೆನಪಿಟ್ಟುಕೊಳ್ಳುತ್ತೆ. ನಮ್ಮ ನಡೆಯೇ ನೆರಳಾಗಿ ನಮ್ಮೆದುರು ಬಂದು ನಿಲ್ಲುತ್ತೆ. ಅವಳದೇ ಐಡಿಯಾ. ದೆವ್ವಕ್ಕಿಂತ ನಮ್ಮ ಚಾಳಿ ನೋಡಿದರೇ ನಮಗೆ ಹೆಚ್ಚು ಭಯ ಆಗುತ್ತೆ ಅನ್ನೋಳು."

"ಹಂಗಾದ್ರೆ ಹಳೇದಿರಬೇಕು," ಅಂದ ಯಜಮಾನ. ಈ ಆಟ ತಯಾರಿಸುವ ಮೂರು ನಾಲ್ಕು ಜನರ ಕಂಪನಿಗೆ ಯಜಮಾನ. ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. "ಮನೆ ಬಿಡೋಕೆ ಮುಂಚೆ ಆಡಿದ್ದು."

ಗೂಬೆ ಇಲ್ಲವೆಂದು ತಲೆಯಾಡಿಸಿದ. "ಆಟದಲ್ಲಿ ಲೈಬ್ರರಿ ಮಹಡಿ ಹುಟ್ಟಿದ್ದೇ ಹೋದ ವಾರ. ಅವಳು ಅದನ್ನು ನೋಡೇ ಇಲ್ಲ."

"ಅಂದರೆ ಬದುಕಿದ್ದಾಳೆ," ಅಂದರು ವಾರ್ಡನಮ್ಮ.

ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಜೇಬಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು ಅವರ ಕೈಗಿಟ್ಟ. "ಈ ಮಾತ್ರೆ ತಪ್ಪಿದರೆ ಅವಳಿಗೆ ಫಿಟ್ಸ್ ಬರುತ್ತೆ. ಎರಡು ವಾರ ಆಯ್ತು. ಸಿಕ್ಕಿದ ತಕ್ಷಣ ಮೊದಲು ಇದನ್ನ ಕೊಡಬೇಕು. ಏನಾದರೂ ಮಾಡಿ, ಹುಡುಕಿಕೊಡಿ."

ವಾರ್ಡನಮ್ಮ ಅಭ್ಯಾಸಬಲದಿಂದ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಕುತ್ತಿಗೆಯವರೆಗೂ ತುಂಬಿತ್ತು.

"ನಿಮ್ಮ ಹತ್ತಿರಾನೇ ಇರಲಿ," ಎಂದು ವಾಪಸು ಕೊಟ್ಟರು. "ಕೊಡೋ ಕೈ ಮನೆಯವರದೇ ಆದರೆ ವಾಸಿ."

ಆ ಬೆಳಿಗ್ಗೆ ಅವರು ಎಲ್ಲರನ್ನೂ ಒಬ್ಬೊಬ್ಬರಾಗಿ ಆಟ ಆಡಿಸಿದ್ದರು. ಊಟಕ್ಕೆ ಕೂತಾಗ, ಆಟಕ್ಕೆ ಕೂತಾಗ ಮನುಷ್ಯ ತನ್ನ ಗುಣ ಮುಚ್ಚಿಡಲಾರ ಎಂಬುದು ಅವರ ನಂಬಿಕೆ. ಹಾಸ್ಟೆಲಿನ ಕೇರಂ ಬೋರ್ಡಿನ ಪಕ್ಕ ನಿಂತೇ ಅವರು ಎಷ್ಟೋ ಕಳ್ಳತನ ಹಿಡಿದಿದ್ದರು.

ಆಟದ ಹೆಸರು 'ಕೊನೆಯ ಪೀರಿಯಡ್'. ಹಗಲಿನಲ್ಲಿ ಅದು ಬರೀ ಶಾಲೆ: ಪಾಠ, ಕಿಟಕಿ ಪಕ್ಕದ ಬೆಂಚಿಗೆ ಜಗಳ, ಯಾರು ಯಾರ ಜೊತೆ ಟೂ ಬಿಟ್ಟರು ಎಂಬ ಸಮಾಚಾರ. ಕೊನೆಯ ಗಂಟೆ ಬಾರಿಸಿದ ಮೇಲೆ ಉಳಿದುಕೊಂಡ ಮಕ್ಕಳಿಗೆ ಮಾತ್ರ ಬೇರೆ ಶಾಲೆ. ಹಗಲಿನಲ್ಲಿ ಗೆಳೆತನ ಗಟ್ಟಿಯಿದ್ದವರು ಸಂಜೆ ಅಕ್ಕಪಕ್ಕದ ಚೌಕದಲ್ಲಿ ನಿಂತರೆ ಬಲ ಹೆಚ್ಚು. ಅಲ್ಲಿನ ದೆವ್ವದ ಹೆಸರು ಸಾಲು ಮಾಸ್ತರು. ಅವನು ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಾನೆ. ಸಾಲಿನ ಕೊನೆಯ ಮಗು ಮರುದಿನ ಹಾಜರಿಗೆ ಇರುವುದಿಲ್ಲ; ಅಂಥದೊಂದು ಮಗು ಇತ್ತೆಂಬುದೇ ಯಾರಿಗೂ ನೆನಪಿರುವುದಿಲ್ಲ.

ಯಜಮಾನ ಆಡಿದಾಗ ಐವರನ್ನೂ ಹುಚ್ಚು ಕುದುರೆಯ ಹಾಗೆ ನಡುವಿಗೆ ನುಗ್ಗಿಸಿ ಬೇಗ ಸೋತ. ಗೂಬೆ ಅಟ್ಟಿಸಿಕೊಂಡು ಬರುವವರೆಗೂ ಕದಲಲಿಲ್ಲ. ಚಿತ್ರ ಬರೆಯುವ ಹುಡುಗಿ, ಎಲ್ಲರ ಬಾಯಲ್ಲಿ 'ಕುಂಚ', ಯುದ್ಧ ಬಿಟ್ಟು ತಾನೇ ಬಿಡಿಸಿದ ಗೋಡೆ ಕಿಟಕಿಗಳನ್ನು ನೋಡುತ್ತ ಸುತ್ತಾಡಿದಳು.

ಅಣ್ಣ ಮಾತ್ರ "ನನಗಿದೆಲ್ಲ ಬರಲ್ಲ" ಎಂದು ನಾಚಿಕೊಂಡೇ ಕೂತಿದ್ದ. ಮೊದಲು ಐದು ಮಕ್ಕಳನ್ನೂ ಗೋಡೆಗೆ ಸಾಲಾಗಿ, ಕುಳ್ಳನಿಂದ ಉದ್ದದವನವರೆಗೆ ಒಪ್ಪವಾಗಿ ನಿಲ್ಲಿಸಿದ. ಆಮೇಲೇ ಮುಂದಿನ ಹೆಜ್ಜೆ.

"ಅಣ್ಣಾ, ಡ್ರಿಲ್ ಪೀರಿಯಡ್ ಮುಗೀತು," ಎಂದು ಯಜಮಾನ ನಕ್ಕಿದ್ದ.

"ಅಂಗಡೀಲಿ ದಿನವಿಡೀ ಫ್ರೇಮ್ ಜೋಡಿಸಿ ಜೋಡಿಸಿ ಹಿಂಗಾಗಿದೆ. ಸಾಲು ತಪ್ಪಿದರೆ ನನ್ನ ಕಣ್ಣಿಗೆ ಚುಚ್ಚುತ್ತೆ," ಎಂದು ಅವನೂ ನಕ್ಕಿದ್ದ. ನಗುತ್ತಲೇ ಒಂದು ಗುಂಡಿ ಒತ್ತಿ, ಕಂಬದ ಹಿಂದೆ ಏನಿದೆಯೆಂದು ಕಾಣುವಂತೆ ಪರದೆಯನ್ನು ತಿರುಗಿಸಿಕೊಂಡಿದ್ದ.

ಆ ಗುಂಡಿಯನ್ನು ತೋರಿಸಲು ಯಜಮಾನ ಆಗಷ್ಟೇ ಬೆರಳು ಎತ್ತಿದ್ದ. ವಾರ್ಡನಮ್ಮ ಅದನ್ನು ನೋಡಿ, ಎಲ್ಲಿ ಇಡಬೇಕೆಂದು ತಿಳಿಯದೆ ಸುಮ್ಮನೆ ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟಿದ್ದರು.

ಈಗ ಅಣ್ಣ ಅಂಗಡಿಗೆ ಹೊತ್ತಾಯಿತೆಂದು ಎದ್ದ. "ಸಂಜೆ ಬರ್ತೀನಿ. ಏನೇ ಗೊತ್ತಾದರೂ ಮೊದಲು ನನಗೆ ಹೇಳಿ ವಾರ್ಡನಮ್ಮ." ಅವನ ಹಿಂದೆ ಬಾಗಿಲು ತೆರೆದೇ ಉಳಿಯಿತು. ಕೆಳಗಿನ ಟೈರ್ ಅಂಗಡಿಯ ರಬ್ಬರ್ ವಾಸನೆ ಒಳಗೆ ಬಂತು.

*

"ಮತ್ತೊಂದು ಸಲ," ಅಂದರು ವಾರ್ಡನಮ್ಮ, ಊಟ ಮುಗಿದು ಮಧ್ಯಾಹ್ನ ಇಳಿಯುತ್ತಿದ್ದರೂ ಪರದೆಯ ಮುಂದಿನಿಂದ ಏಳದೆ.

"ಅಮ್ಮ, ನಿಮಗೆ ಈ ಆಟದ ಹುಚ್ಚು ಹತ್ತಿತು," ಅಂದ ಗೂಬೆ.

"ಹತ್ತಲಿ ಬಿಡು. ಈ ವಯಸ್ಸಿನಲ್ಲಿ ಮೊಣಕಾಲು ನೋವಿಗಿಂತ ಅದೇ ಮೇಲು."

ಬಾಗಿಲು ಮುಚ್ಚಿದ ನೆರಳು ಜೊತೆಗಾರರ ಕಡೆ ನಡೆಯಿತು. ಲೈಬ್ರರಿಯ ನಡುವೆ ವಿಶಾಲವಾದ ಬರಿಯ ನೆಲ. ನೇರ ಬಂದರೆ ಹತ್ತಿರ. ಆದರೆ ನೆರಳು ನಡುವಿನವರೆಗೆ ಬಂದು, ಬದಿಗೆ ಸರಿದು, ಏನನ್ನೋ ಬಳಸಿಕೊಂಡು ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಇದೇನು, ಖಾಲಿ ನೆಲಕ್ಕೆ ಪ್ರದಕ್ಷಿಣೆ ಹಾಕಿತಲ್ಲ?"

"ದೋಷ ಇರಬೇಕು," ಅಂದ ಯಜಮಾನ. "ಬಿಡುಗಡೆಗೆ ಮುಂಚೆ ಸರಿ ಮಾಡೋಣ."

"ನೆರಳಲ್ವಾ ಅಮ್ಮ," ಅಂದಳು ಕುಂಚ, ತಲೆಯೆತ್ತದೆ. "ಮನಸ್ಸಿಗೆ ಬಂದ ಹಾಗೆ ಹೋಗುತ್ತೆ."

ಗೂಬೆಯ ಆಕಳಿಕೆ ಅರ್ಧಕ್ಕೇ ನಿಂತಿತು. "ಮನಸ್ಸಿಗೆ ಬಂದ ಹಾಗೆ ಹೋಗೋಕೆ ಅದಕ್ಕೆ ಮನಸ್ಸೆಲ್ಲಿದೆ? ಆಡಿದವರು ಹೆಂಗೆ ಹೋದರೋ ಹಂಗೇ ಹೋಗುತ್ತೆ. ಆಡಿದವರಿಗೆ ಅಲ್ಲಿ ಏನೋ ಅಡ್ಡ ಇತ್ತು."

ವಾರ್ಡನಮ್ಮ ಕಾಲು ಹಿಡಿದುಕೊಂಡಿತೆಂದು ಎದ್ದು ಕೋಣೆಯಲ್ಲಿ ಒಂದು ಸುತ್ತು ಬಂದರು. ಗೋಡೆಗೆ ಕುಂಚ ಅಂಟಿಸಿದ್ದ ಪೆನ್ಸಿಲ್ ಚಿತ್ರಗಳು: ಮೆಟ್ಟಿಲು, ಪ್ರಯೋಗಶಾಲೆ, ತಾರಸಿ. ಮಧ್ಯದಲ್ಲಿ ಲೈಬ್ರರಿ. ಅದರ ನಟ್ಟನಡುವೆ ಆರು ಜನ ಕೂರಬಹುದಾದ ಒಂದು ಉದ್ದನೆಯ ಮೇಜು.

ಅವರು ಹಿಂದಿರುಗಿ ನೋಡಿದಾಗ ಕುಂಚ ಅವರನ್ನೇ ನೋಡುತ್ತಿದ್ದಳು. ತಕ್ಷಣ ಎದ್ದು, ನೀರಿನ ಚೆಂಬು ಹಿಡಿದು ಬಾಲ್ಕನಿಗೆ ಹೋದಳು.

*

ಬಾಲ್ಕನಿಯಲ್ಲಿ ಗಿಡಗಳಿಗಿಂತ ಕುಂಡಗಳೇ ಹೆಚ್ಚು. ಕುಂಚ ಆಗಲೇ ತೊಯ್ದಿದ್ದ ಮಣ್ಣಿಗೆ ಮತ್ತೆ ನೀರು ಹಾಕುತ್ತಿದ್ದಳು.

"ಸಾಕು ಮಾರಾಯ್ತಿ, ಅದಕ್ಕೆ ನೆಗಡಿ ಆಗುತ್ತೆ," ಎಂದು ವಾರ್ಡನಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತರು. "ಮೇಜು ಯಾವಾಗ ತೆಗೆದೆ?"

"ಯಾವ ಮೇಜು?"

"ಚಿತ್ರದಲ್ಲಿ ಇರೋದು. ಆಟದಲ್ಲಿ ಇಲ್ಲದಿರೋದು."

ಅವಳು ಚೆಂಬು ಕೆಳಗಿಟ್ಟಳು. "ಓಡಾಡೋಕೆ ಜಾಗ ಸಾಲಲ್ಲ ಅನ್ನಿಸ್ತು. ತೆಗೆದೆ."

"ಗೂಬೆಗೆ ಕೊಡೋಕೆ ಮುಂಚೆಯೋ, ಆಮೇಲೋ?"

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ಮುಂಚೆ," ಎಂದು ವಾರ್ಡನಮ್ಮ ತಾವೇ ಹೇಳಿದರು. "ಆಮೇಲೆ ಆಗಿದ್ದರೆ ಅವನಿಗೆ ಮೇಜು ನೆನಪಿರ್ತಿತ್ತು. ಮೇಜಿದ್ದ ಲೈಬ್ರರಿ ಇದ್ದಿದ್ದು ನಿನ್ನ ಕಂಪ್ಯೂಟರಲ್ಲಿ ಮಾತ್ರ. ಆ ಹುಡುಗಿ ಆಡಿದ್ದು ಅದನ್ನೇ. ಅದೇನು ಕಾಲು ಬಂದು ತಾನಾಗೇ ಅವಳ ಹತ್ತಿರ ನಡೆದು ಹೋಗಿಲ್ಲ."

"ನಾನು..." ಅಂದಳು ಕುಂಚ.

"ನೋಡು ಮಗಳೇ. ಹಾಸ್ಟೆಲಲ್ಲಿ ಯಾರಾದರೂ ಗೋಡೆ ಹಾರಿದರೆ ನಾನು ಹಾರಿದವಳನ್ನ ಹುಡುಕ್ತಿರಲಿಲ್ಲ. ಅವಳ ಹಾಸಿಗೆ ಮೇಲೆ ದಿಂಬಿಟ್ಟು, ಮೇಲೊಂದು ಹೊದಿಕೆ ಹೊದಿಸಿದವಳು ಒಬ್ಬಳು ಒಳಗೇ ಇರ್ತಾಳಲ್ಲ, ಅವಳನ್ನ ಹುಡುಕ್ತಿದ್ದೆ. ಬೈಯೋಕಲ್ಲ. ಅಷ್ಟು ಒಳ್ಳೇ ಗೆಳತಿ ಸಿಕ್ಕಿದವಳು ಯಾಕೆ ಓಡಿಹೋದಳು ಅಂತ ಕೇಳೋಕೆ."

ಕುಂಚ ಬಾಲ್ಕನಿಯ ಕಂಬಿಗೆ ಒರಗಿದಳು. ಅಳಲಿಲ್ಲ. ಬಹಳ ದಿನದಿಂದ ಹೊತ್ತ ಚೀಲವನ್ನು ಕೆಳಗಿಡುವವಳ ಹಾಗೆ ಭುಜ ಇಳಿಬಿಟ್ಟಳು.

"ಅವಳಿಗೆ ಫಿಟ್ಸ್ ಇಲ್ಲ ಅಮ್ಮ. ಯಾವತ್ತೂ ಇರಲಿಲ್ಲ. ಆ ಮಾತ್ರೆ ತಗೊಂಡ್ರೆ ಅವಳು ಇಡೀ ದಿನ ಮಲಗಿರೋಳು. ಆಫೀಸಿಗೆ ಬಂದರೂ ಮಾತಿಗೆ ಮಾತು ಸೇರ್ತಿರಲಿಲ್ಲ. ಒಂದು ದಿನ ನುಂಗಿದ ಹಾಗೆ ಮಾಡಿ ಉಗುಳಿದಳಂತೆ. ತಲೆ ತಿಳಿಯಾಯ್ತಂತೆ. ಅವತ್ತಿನಿಂದ ಉಗುಳಿದಳು. ಅಣ್ಣಂಗೆ ಅನುಮಾನ ಬಂದು ಹಾಲಿಗೆ ಕರಗಿಸಿ ಕೊಡೋಕೆ ಶುರು ಮಾಡಿದ ಮೇಲೆ ಮನೆ ಬಿಟ್ಟಳು."

"ನೀನು ಕಣ್ಣಾರೆ ಕಂಡೆಯಾ?"

"ಇಲ್ಲ. ಅವಳು ಹೇಳಿದ್ದು."

ವಾರ್ಡನಮ್ಮ ಈ ಮಾತನ್ನು ಅತ್ತ ತಳ್ಳಲಿಲ್ಲ, ಇತ್ತ ಎಳೆದುಕೊಳ್ಳಲೂ ಇಲ್ಲ. ಓಡಿಹೋದವರ ಕಥೆಯಲ್ಲಿ ಮನೆಯವರು ಯಾವಾಗಲೂ ರಾಕ್ಷಸರೇ. ಮನೆಯವರ ಕಥೆಯಲ್ಲಿ ಓಡಿಹೋದವಳಿಗೆ ಯಾವಾಗಲೂ ತಲೆ ಸರಿಯಿಲ್ಲ. ಆದರೆ ಹಿಂದಿನ ಬಾಗಿಲು ಮುಚ್ಚದೆ ಮುಂದಿನ ಕೋಣೆಗೆ ಕಾಲಿಡದ ಹುಡುಗಿ ಎಂಥ ಮನೆಯಲ್ಲಿ ಬೆಳೆದಿರಬೇಕು ಎಂಬ ಪ್ರಶ್ನೆ ಬೆಳಿಗ್ಗೆಯಿಂದ ಅವರ ಕಾಲಿಗೆ ತೊಡರುತ್ತಲೇ ಇತ್ತು.

"ಯಾಕೆ ಆಡೋಕೆ ಕೊಟ್ಟೆ? ಸುಮ್ಮನೆ ಬಚ್ಚಿಟ್ಟುಕೊಂಡಿರು ಅನ್ನಬಹುದಿತ್ತಲ್ಲ."

ಕುಂಚಳ ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. "ಅವಳು ಬಿಡಬೇಕಲ್ಲ. 'ನನ್ನ ಲೈಬ್ರರಿ ಹೆಂಗೆ ಬಂದಿದೆ ತೋರಿಸೇ' ಅಂತ ಒಂದೇ ಹಟ. ಆಟಗಾರರಿಗೆ ಕೊಡೋ ಪ್ರತಿ ಕೊಟ್ಟಿದ್ದರೆ ಏನೂ ಆಗ್ತಿರಲಿಲ್ಲ. ನಾವು ಪರೀಕ್ಷೆ ಮಾಡೋ ಪ್ರತಿ ಕೊಟ್ಟೆ. ಅದರಲ್ಲಾದರೆ ತಪ್ಪು ಕಂಡ ಕಡೆ ಗುರುತು ಹಾಕಬಹುದು. ಆ ಪ್ರತಿ ಆಡಿದ್ದನ್ನೆಲ್ಲ ಇಲ್ಲಿಗೆ ಕಳಿಸುತ್ತೆ ಅನ್ನೋದು ತಲೆಗೇ ಹೋಗಲಿಲ್ಲ. ದಿನಾ ಅದರಲ್ಲೇ ಮುಳುಗಿರ್ತೀವಿ, ಮೀನಿಗೆ ನೀರು ಕಾಣದ ಹಂಗೆ."

"ಎಲ್ಲಿದ್ದಾಳೆ?"

"ನಮ್ಮತ್ತೆ ಹೊಲಿಗೆ ಕ್ಲಾಸು ನಡೆಸ್ತಿದ್ದ ಜಾಗ. ಈಗ ಮುಚ್ಚಿದೆ. ಮೇಲೊಂದು ಕೋಣೆ ಇದೆ. ಹೊಸ ಪ್ರತಿ ಬಂದಾಗ ಪೆನ್ ಡ್ರೈವ್ ತಗೊಂಡು ಹೋಗಿ ಬಾಗಿಲ ಪಕ್ಕದ ಕುಂಡದ ಕೆಳಗೆ ಇಡ್ತೀನಿ. ಮೇಲೆ ಹೋಗಲ್ಲ. ಅಣ್ಣ ಹಿಂಬಾಲಿಸ್ತಾರೆ ಅಂತ ಅವಳಿಗೆ ಭಯ."

"ಕೊನೇ ಸಲ?"

"ಮೊನ್ನೆ. ತಾರಸಿಯ ಮಹಡಿ ಇಟ್ಟು ಬಂದೆ. ನಿನ್ನೆ ಬೆಳಿಗ್ಗೆ ಡ್ರೈವ್ ಇರಲಿಲ್ಲ. ತಗೊಂಡಿದ್ದಾಳೆ, ಚೆನ್ನಾಗಿದ್ದಾಳೆ ಅಂದುಕೊಂಡೆ."

ವಾರ್ಡನಮ್ಮ ಮೊಣಕಾಲು ಹಿಡಿದು ಎದ್ದರು. "ಬಾ. ಚೆನ್ನಾಗಿದ್ದಾಳೋ ಇಲ್ಲವೋ ಅವಳ ನೆರಳನ್ನೇ ಕೇಳೋಣ."

*

"ತಾರಸಿ ನೋಡಿಲ್ಲ ಇನ್ನೂ," ಅಂದ ಗೂಬೆ. "ನಿನ್ನೆ ಬಂದ ಆಟಗಳನ್ನ ಕಂಪ್ಯೂಟರ್ ತಾನೇ ಬೆರೆಸಿಕೊಂಡಿದೆ." ಒಂದು ನಿಮಿಷ ತಡಕಾಡಿದ. "ಹೌದು. ಅವಳ ಕಂಪ್ಯೂಟರಿನಿಂದಲೇ ಬಂದಿದೆ. ನಿನ್ನೆ ಸಂಜೆ."

ಕುಂಚ ಉಸಿರು ಬಿಟ್ಟಳು. "ನೋಡಿದ್ರಾ ಅಮ್ಮ? ಆಡಿದ್ದಾಳೆ."

ಪರದೆಯ ಮೇಲೆ ತಾರಸಿ ತೆರೆದುಕೊಂಡಿತು. ನೀರಿನ ತೊಟ್ಟಿ, ಒಣಹಾಕಿದ ಕ್ರೀಡಾದಿನದ ಬಾವುಟಗಳು, ಮೆಟ್ಟಿಲ ತುದಿಯಲ್ಲೊಂದು ಕಬ್ಬಿಣದ ಬಾಗಿಲು. ಆ ಬಾಗಿಲಿನಿಂದ ನೆರಳುಗಳು ಒಂದೊಂದಾಗಿ ಹೊರಬಂದವು. ಐದನೆಯದೂ ಬಂತು.

ಎಲ್ಲರೂ ಬಾಗಿಲನ್ನೇ ನೋಡುತ್ತಿದ್ದರು. ಅದು ಮುಚ್ಚಲಿಲ್ಲ.

"ಮರೆತಿರಬೇಕು," ಅಂದಳು ಕುಂಚ. ಅವಳಿಗೇ ಆ ಮಾತು ನಂಬಿಕೆಯಾದಂತೆ ಕಾಣಲಿಲ್ಲ.

ನೆರಳುಗಳು ಮಕ್ಕಳ ಕಡೆ ಬರಲೂ ಇಲ್ಲ. ತಾರಸಿಯ ಗೋಡೆಯ ಹತ್ತಿರ ಸರಿದವು. ಮೊದಲು ಎಲ್ಲಕ್ಕಿಂತ ಗಿಡ್ಡನೆಯದು, ಪಕ್ಕದಲ್ಲಿ ಅದಕ್ಕಿಂತ ತುಸು ಎತ್ತರದ್ದು, ಅದರ ಪಕ್ಕದಲ್ಲಿ ಇನ್ನೊಂದು. ಒಂದು ಚೌಕವೂ ಹೆಚ್ಚು ಕಮ್ಮಿಯಾಗದಂತೆ ಐದೂ ಸಾಲಾಗಿ ನಿಂತವು. ಆಮೇಲೇ ಮೊದಲ ಹೆಜ್ಜೆ ಇಟ್ಟವು.

"ಸಾಲು ಮಾಸ್ತರು," ಎಂದು ಯಜಮಾನ ಪಿಸುಗುಟ್ಟಿದ.

"ಇಲ್ಲ," ಅಂದ ಗೂಬೆ. ಅವನ ನಿದ್ದೆ ಪೂರ್ತಿ ಹಾರಿಹೋಗಿತ್ತು. "ಮಾಸ್ತರನ್ನ ನಾನು ತಾರಸಿಗೆ ಹಾಕೇ ಇಲ್ಲ. ಇದು ಯಾರೋ ಮನುಷ್ಯರು ಆಡಿದ್ದು."

ಕುಂಚಳ ಕೈ ಬಾಯಿಗೆ ಹೋಯಿತು. ಬೆಳಿಗ್ಗೆ ಅದೇ ಪರದೆಯ ಮುಂದೆ ನಾಚಿಕೊಂಡು ಕೂತು ಹೀಗೆ ಆಡಿದವನು ಯಾರೆಂದು ಅಲ್ಲಿ ಯಾರೂ ಯಾರಿಗೂ ನೆನಪು ಮಾಡಿಕೊಡಬೇಕಾಗಿರಲಿಲ್ಲ.

ವಾರ್ಡನಮ್ಮ ಮನಸ್ಸಿನ ಮೂಲೆಯಲ್ಲಿ ಇಟ್ಟಿದ್ದ ಗುಂಡಿಯನ್ನು ಈಗ ಹೊರತೆಗೆದರು. ಹೇಳಿಕೊಡದೆ ಒತ್ತಿದ ಗುಂಡಿ. ನಿನ್ನೆ ಸಂಜೆ ಆ ಕೋಣೆಯಲ್ಲಿ ಅವನು ತಂಗಿಗಾಗಿ ಕಾದು ಕೂತಿದ್ದಾನೆ. ಕಂಪ್ಯೂಟರ್ ತೆರೆದೇ ಇತ್ತು. ಕಾಯುವವನು ಎಷ್ಟು ಹೊತ್ತು ಕೈ ಕಟ್ಟಿ ಕೂತಾನು? ಹಾಗಿದ್ದೂ ಬೆಳಿಗ್ಗೆ ಬಂದು, ಕನ್ನಡಕ ಒರೆಸಿಕೊಂಡು, ಹುಡುಕಿಕೊಡಿ ಎಂದ. ಆಗ ಡಬ್ಬಿ ತುಂಬಿಯೇ ಇತ್ತು, ಅಂದರೆ ಅವಳು ಇನ್ನೂ ಅವನ ಕೈಗೆ ಸಿಕ್ಕಿರಲಿಲ್ಲ.

"ಕುಂಚ, ಆ ಕೋಣೆಯ ವಿಳಾಸ ಹೇಳು. ಗೂಬೆ, ಪೊಲೀಸರಿಗೆ ಫೋನ್ ಮಾಡು. ನಾನು ಹೇಳಿದೆ ಅನ್ನು. ಇವಳನ್ನ ಒಬ್ಬಳನ್ನೇ ಎಲ್ಲಿಗೂ ಬಿಡಬೇಡಿ."

ಕುಂಚ ಬರೆದುಕೊಟ್ಟ ವಿಳಾಸವನ್ನು ಕೈಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದರು. ಬೆಳಿಗ್ಗೆ ಹೊರಗೆ ಬಿಟ್ಟ ಚಪ್ಪಲಿ ಶೂಗಳು ಜಗಳವಾಡಿ ಬಿದ್ದವರ ಹಾಗೆ ಚೆಲ್ಲಾಪಿಲ್ಲಿಯಾಗಿದ್ದವು. ಈಗ ಗೋಡೆಯುದ್ದಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ, ಒಪ್ಪವಾಗಿ ನಿಂತಿದ್ದವು. ಎಲ್ಲಕ್ಕಿಂತ ಚಿಕ್ಕವು ಕುಂಚಳವು.

"ಬೆಳಕಿದ್ದ ಹಾಗೇ ಹೊರಟ್ರಾ ವಾರ್ಡನಮ್ಮ?"

ಅಣ್ಣ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ. ಸಂಜೆಯ ಬಿಸಿಲು ಅವನ ಕನ್ನಡಕದ ಮೇಲಿತ್ತು. ಬೆಳಗಿನ ಆತಂಕ ಮುಖದಲ್ಲಿ ಇರಲಿಲ್ಲ. ಚೆನ್ನಾಗಿ ಊಟ ಮಾಡಿ ಎದ್ದವನ ಹಾಗೆ ನೆಮ್ಮದಿಯಿಂದಿದ್ದ.

"ಮನೆ ಕಡೆ," ಅಂದರು ವಾರ್ಡನಮ್ಮ. "ನೀವು ಬಂದು ಬಹಳ ಹೊತ್ತಾಯಿತಾ?"

"ಈಗಷ್ಟೇ." ಅವನು ಒಂದು ಮೆಟ್ಟಿಲು ಮೇಲೆ ಬಂದ. "ಯೋಚನೆ ಮಾಡಿದೆ. ನಿಮಗೂ ವಯಸ್ಸಾಗಿದೆ, ಸುಮ್ಮನೆ ತೊಂದರೆ ಕೊಡ್ತಿದ್ದೀನಿ. ಇನ್ನು ಹುಡುಕೋದು ಬೇಡ ಬಿಡಿ. ತಾನಾಗೇ ಬರ್ತಾಳೆ ಅನ್ನಿಸ್ತಿದೆ."

ಅವನು ಇನ್ನೊಂದು ಮೆಟ್ಟಿಲು ಹತ್ತಿದ. ಹತ್ತಿದಾಗ, ಬೆಳಿಗ್ಗೆ ಸದ್ದೇ ಮಾಡದಷ್ಟು ತುಂಬಿದ್ದ ಮಾತ್ರೆಯ ಡಬ್ಬಿ ಅವನ ಜೇಬಿನಲ್ಲಿ ಗಲಗಲ ಅಂದಿತು.

ವಾರ್ಡನಮ್ಮ ಆ ಸದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಸರಿ ಹಾಗಾದರೆ," ಎಂದರು. "ನಡೀರಿ, ಕೆಳಗಿನ ತನಕ ಜೊತೆಗೇ ಹೋಗೋಣ. ಮೆಟ್ಟಿಲು ಇಳಿಯೋಕೆ ನನಗೊಂದು ಕೈ ಬೇಕು."

ಅವನು ನಗುತ್ತಾ ತೋಳು ಚಾಚಿದ. ವಾರ್ಡನಮ್ಮ ಚಪ್ಪಲಿ ಮೆಟ್ಟಿಕೊಂಡರು. ತೋಳು ಹಿಡಿಯುವ ಮುಂಚೆ ಹಿಂದಕ್ಕೆ ಕೈ ನೀಡಿ, ಮೂವರೂ ಒಳಗೇ ಉಳಿಯುವಂತೆ ಬಾಗಿಲನ್ನು ಎಳೆದು ಗಟ್ಟಿಯಾಗಿ ಮುಚ್ಚಿದರು.